ತಬಿತಾ ಸ್ನೆಲ್ ಬೇಯಿಸಿದ ಗಂಜಿ

ಜನವರಿ 9, ಗುರುವಾರ

ಅಂತೂ ನನಗೊಂದು ಕಾಲ ಬಂತು. ಸಂತೆಯ ಚೌಕದಲ್ಲಿರುವ ಡೌತ್‌ವೇಟ್ ಮನೆಯ ಗೋಡೆಗೆ ಫಲಕ ಹಾಕಿಸಲು ನಮ್ಮೂರು ಸ್ಕೆಲ್ಬಿಯ ಮ್ಯೂಸಿಯಂನವರು ಒಪ್ಪಿದ್ದಾರೆ. 1868ರಲ್ಲಿ ಈ ಮನೆಯಲ್ಲಿ ಕಾಳಿನ ವ್ಯಾಪಾರಿ ಏಮಸ್ ಡೌತ್‌ವೇಟ್ ಬೆಳಗಿನ ಗಂಜಿ ತಿಂದು ಪಾಷಾಣದಿಂದ ಸತ್ತ, ಕೊಂದವರು ಇಂಥವರು ಎಂದು ಬರೆಸುತ್ತಾರಂತೆ. ಆ ಇಂಥವರು ಯಾರೆಂದು, ಈ ಕೊಲೆಯನ್ನೇ ಕೆದಕುವ ನಮ್ಮ ಹವ್ಯಾಸಿ ಸಂಘ ಹೇಳಬೇಕು. ಮಾರ್ಚ್ 14ರಂದು, ಏಮಸ್ ಸತ್ತ ದಿನ, ಪ್ರತಿವರ್ಷದಂತೆ ಸಂಘದ ಊಟ. ಅಲ್ಲಿಯೇ ಮತ ಹಾಕಿ ತೀರ್ಮಾನ. ಯಾರ ವಾದ ಗೆಲ್ಲುತ್ತದೋ ಆ ಸಂಶೋಧಕನ ಹೆಸರು ಫಲಕದ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ಸಣ್ಣದಾದರೇನು, ಕಂಚು.

ನಮ್ಮ ಸಂಘದಲ್ಲಿ ಒಬ್ಬೊಬ್ಬರೂ ಒಬ್ಬೊಬ್ಬ ಆರೋಪಿಯನ್ನು ಸಾಕಿಕೊಂಡಿದ್ದೇವೆ. ಒಬ್ಬರ ಆರೋಪಿಯನ್ನು ಇನ್ನೊಬ್ಬರು ಕಸಿದುಕೊಳ್ಳುವಂತಿಲ್ಲ. ನಾರ್ಮನ್ ಟಟ್‌ಹಿಲ್‌ನ ಆರೋಪಿ ಏಮಸ್‌ನ ತಮ್ಮನ ಮಗ ಎಡ್ವಿನ್. ನಾರ್ಮನ್ ಮೊದಲು ಟ್ರ್ಯಾಕ್ಟರ್ ಮಾರುತ್ತಿದ್ದ, ಈಗ ಅದೇ ಧಾಟಿಯಲ್ಲಿ ಎಡ್ವಿನ್‌ನನ್ನು ಮಾರುತ್ತಾನೆ. ನನ್ನ ಆರೋಪಿ ಅಡುಗೆಯವಳು, ತಬಿತಾ ಸ್ನೆಲ್. ಅಂದಿನ ಜ್ಯೂರಿ ಅವಳನ್ನು ಬಿಟ್ಟುಬಿಟ್ಟಿತು. ನನ್ನಂಥ, ಈ ಲೆನಾರ್ಡ್ ಆಸ್‌ಗರ್ಬಿಯಂಥ, ಗಣಿತದ ಮೇಷ್ಟ್ರೊಬ್ಬ ಆ ಜ್ಯೂರಿಯಲ್ಲಿ ಇರಲಿಲ್ಲ, ಅದಕ್ಕೇ.

ನನ್ನ ವಾದ ನೀರು ಕುಡಿದಷ್ಟು ಸಲೀಸು. ಏಮಸ್ ಕೈ ಮಾಡುವ ಆಸಾಮಿ. ಪಾತ್ರೆ ತೊಳೆಯುವ ಹುಡುಗಿಯ ತೋಳು ಮುರಿದಿದ್ದ. "ಇವನಿಗೊಂದು ಗತಿ ಕಾಣಿಸ್ತೀನಿ" ಎಂದು ಅಡುಗೆಯವಳು ಅಂದದ್ದನ್ನು ಕೇಳಿಸಿಕೊಂಡವರಿದ್ದಾರೆ. ಆ ಬೆಳಿಗ್ಗೆ ಏಮಸ್ "ಗಂಜಿಗೆ ಉಪ್ಪೇ ಇಲ್ಲ" ಎಂದು ಗೊಣಗಿ ಉಪ್ಪಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ ಎಂದು ಬಡಿಸುವವಳು ಕೋರ್ಟಿನಲ್ಲಿ ಹೇಳಿದ್ದಾಳೆ. ಪಳಗಿದ ಅಡುಗೆಯವಳು ಉಪ್ಪು ಮರೆಯುವುದು ಯಾವಾಗ? ಕೈ ನಡುಗುತ್ತಿದ್ದಾಗ. ಯಜಮಾನನ ಬಟ್ಟಲಿಗೆ ಪಾಷಾಣ ಹಾಕುವ ಗಾಬರಿಯಲ್ಲಿ ಉಪ್ಪು ಮರೆತಳು. ಮೂವತ್ತು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ, ಯಾರೂ ಉತ್ತರ ಕೊಟ್ಟಿಲ್ಲ.

ಸುದ್ದಿಯನ್ನು ಅಕ್ಕ ಡೋರೀನ್‌ಗೆ ಹೇಳಿದೆ. ಅವಳು ನನ್ನ ಸಾಕ್ಸ್ ಹೊಲಿಯುತ್ತಿದ್ದಳು.

"ಸತ್ತು ನೂರೈವತ್ತು ವರ್ಷ ಆದೋರ ಮೇಲೆ ಮತ ಹಾಕ್ತೀರ. ಕೌನ್ಸಿಲ್ ಎಲೆಕ್ಷನ್‌ಗೆ ಹೋಗೋ ಅಂದ್ರೆ ಮಂಡಿ ನೋವು ಅಂತೀಯ" ಎಂದಳು.

ಇವಳ ಜೊತೆ ಇತಿಹಾಸ ಮಾತಾಡಿ ಪ್ರಯೋಜನವಿಲ್ಲ.

ಜನವರಿ 23, ಗುರುವಾರ

ಇಂದು ಪಬ್ಬಿನ ಮಹಡಿಯಲ್ಲಿ ಸಭೆ. ನಾನು ನಡುಗುವ ಕೈಯ ಭಾಗಕ್ಕೆ ಬಂದಿದ್ದೆ, ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು, ಅಷ್ಟರಲ್ಲಿ ಬಾಗಿಲು ತೆರೆಯಿತು. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಕೆಂಪು ಮಳೆಕೋಟು.

"ನಿಲ್ಲಿಸಬೇಡಿ, ಹೇಳಿ. ಕೈ ನಡುಗ್ತಿತ್ತು ಅಂದ್ರಲ್ಲ, ಯಾವ ಕೈ?" ಎಂದು ಕೇಳುತ್ತ ಕುರ್ಚಿ ಎಳೆದುಕೊಂಡರು.

ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ತಾವು ಯಾರು ಎಂದು ಕೇಳಿದೆ.

"ಗ್ವೆಂಡಾ ಪಾಸ್ಕ್. ಹಲ್ ಪಟ್ಟಣದಲ್ಲಿ ಜನಕ್ಕೆ ಕಾರು ಕಲಿಸ್ತಿದ್ದೆ, ನಿವೃತ್ತಿ ಆದ್ಮೇಲೆ ಇಲ್ಲಿಗೆ ಬಂದೆ. ತಬಿತಾ ಸ್ನೆಲ್ ನನ್ನ ಮುತ್ತಜ್ಜಿಯ ಅಮ್ಮ."

ಎಲ್ಲರೂ ತಮ್ಮ ತಮ್ಮ ಲೋಟ ನೋಡತೊಡಗಿದರು. ನಾರ್ಮನ್ ಮಾತ್ರ ಬಿಯರ್ ಲೋಟದ ಹಿಂದೆ ಹಲ್ಲು ಕಿರಿಯುತ್ತಿದ್ದ. "ಮುಂದುವರಿಸಪ್ಪ ಲೆನ್ನು. ಅವರಜ್ಜಿ ಎಂಥ ಕೊಲೆಗಾತಿ ಅಂತ ಅವರಿಗೂ ಒಂಚೂರು ಹೇಳು" ಎಂದ.

ನನ್ನ ಮುಖ ಇಂಗು ತಿಂದ ಮಂಗನಂತಾಗಿರಬೇಕು. ಆದರೂ ಹೇಳಿದೆ, ಸತ್ಯಕ್ಕೆ ನೆಂಟಸ್ತಿಕೆ ಇಲ್ಲ. ಆಕೆ ಕಣ್ಣು ಮಿಟುಕಿಸದೆ ಕೇಳಿದರು. ತುಟಿಯ ಮೇಲೆ ಸಣ್ಣ ನಗು ಕೂಡ ಇತ್ತು. ಎಂಥ ಧೈರ್ಯವಂತೆ. ಒಳಗೆ ಎಷ್ಟು ಬೆಂದಿದ್ದಾರೋ.

ಹೊರಡುವಾಗ "ನಿಮ್ಮ ವಾದ ತುಂಬಾ ಗಟ್ಟಿಯಾಗಿದೆ, ಆಸ್‌ಗರ್ಬಿ ಅವರೇ" ಎಂದರು. ದೊಡ್ಡ ಮನಸ್ಸು.

ಜನವರಿ 24, ಶುಕ್ರವಾರ

ಎಡಗೈಯೋ ಬಲಗೈಯೋ ದಾಖಲೆಯಲ್ಲಿಲ್ಲ. ನೋಡಿದೆ.

ಫೆಬ್ರವರಿ 6, ಗುರುವಾರ

ಶ್ರೀಮತಿ ಪಾಸ್ಕ್‌ರನ್ನು ಡೌತ್‌ವೇಟ್ ಮನೆಗೆ ಕರೆದುಕೊಂಡು ಹೋದೆ. ಅವರೇ ಕೇಳಿದ್ದರಿಂದ, ಅಷ್ಟೇ. ಅಲ್ಲೀಗ ದಂತವೈದ್ಯರಿದ್ದಾರೆ. ಗುರುವಾರ ಮಧ್ಯಾಹ್ನ ರಜೆ, ಆಗ ನಮ್ಮ ಸಂಘದವರನ್ನು ಒಳಗೆ ಬಿಡುತ್ತಾರೆ. ಅಡುಗೆಮನೆ ಇದ್ದ ಜಾಗದಲ್ಲಿ ಹಲ್ಲು ಕೀಳುವ ಕುರ್ಚಿ ಇದೆ. ಆಕೆ ಅದರ ಪಕ್ಕ ನಿಂತು, ಒಲೆ ಎಲ್ಲಿತ್ತು, ಇಲಿಗೆಂದು ಇಟ್ಟಿದ್ದ ಪಾಷಾಣದ ಡಬ್ಬಿ ಎಲ್ಲಿತ್ತು, ಯಾರ ಕಣ್ಣಿಗೂ ಬೀಳದೆ ಎಷ್ಟು ಹೊತ್ತು ಇರಬಹುದಿತ್ತು ಎಂದು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿದರು. ತಾವೇ ಗಾಯಕ್ಕೆ ಉಪ್ಪು ಸವರಿಕೊಳ್ಳುತ್ತಿದ್ದಾರೆ ಅನ್ನಿಸಿತು. ತಡೆಯಲಾರದೆ, "ಇಷ್ಟು ವಿವರ ಬೇಡ ಬಿಡಿ, ಮನಸ್ಸಿಗೆ ಹಿಂಸೆ" ಎಂದೆ.

"ಹಿಂಸೆ ಎಂಥದು? ಅಡುಗೆಮನೆಯಲ್ಲಿ ಎಲ್ಲಾದರೂ ಕನ್ನಡಿ ಇತ್ತಾ? ತನ್ನ ಮುಖ ನೋಡ್ಕೊಂಡಿರ್ತಾಳಾ ಅಂತ."

ಕನ್ನಡಿ. ತಬಿತಾಗೆ ಒಂದು ಮುಖ ಇತ್ತೆಂಬುದೇ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಇಪ್ಪತ್ತಾರು ವರ್ಷದ ಹುಡುಗಿ.

ಮನೆಗೆ ಬಂದಾಗ ಡೋರೀನ್ ಮೂಗು ಅರಳಿಸಿ, "ಇದೇನೋ ಘಮ ಘಮ? ಹಲ್ಲಿನ ಡಾಕ್ಟ್ರಿಗೆ ಇಷ್ಟೊಂದು ಸೆಂಟು ಬಳ್ಕೊಂಡು ಹೋಗ್ಬೇಕಾ?" ಎಂದಳು. ಬಾಟಲಿ ಒಣಗಿ ಹೋಗುತ್ತದೆ, ಬಳಸದಿದ್ದರೆ ದಂಡ ಎಂದೆ. ಅದು ನಿಜ.

ಫೆಬ್ರವರಿ 15, ಶನಿವಾರ

ಗ್ವೆಂಡಾ (ಹಾಗೆಯೇ ಕರೆಯಬೇಕೆಂದು ಅಪ್ಪಣೆಯಾಗಿದೆ) ಸಂತೆಯ ಚೌಕದ ಕೆಫೆಗೆ ಕರೆದರು. ಬೆಳಗಿನ ತಿಂಡಿ. ಅವರು ಗಂಜಿ ಹೇಳಿದರು. ಬಂದ ತಕ್ಷಣ ರುಚಿ ಕೂಡ ನೋಡದೆ ಉಪ್ಪಿನ ಡಬ್ಬಿ ಬಗ್ಗಿಸಿದರು. ನಾನಾದರೋ ಸಕ್ಕರೆಯವನು.

"ಮೊದಲು ಒಂದು ಚಮಚ ಬಾಯಿಗೆ ಹಾಕಿ ನೋಡಬಾರದೇ?"

"ನಮ್ಮನೇಲಿ ಗಂಜಿಗೆ ಉಪ್ಪು ಹಾಕಿ ಬೇಯಿಸೋದೇ ಇಲ್ಲ. ಟೇಬಲ್ ಮೇಲೆ ಬಟ್ಟಲಿರುತ್ತೆ, ಅವರವರಿಗೆ ಬೇಕಾದಷ್ಟು ಅವರವರು ಹಾಕ್ಕೋಬೇಕು. ನಮ್ಮಮ್ಮ ಹಾಗೆ, ಅಜ್ಜಿ ಹಾಗೆ, ಅವರಮ್ಮನೂ ಹಾಗೇ ಅಂತೆ."

ಆಮೇಲೆ ಅವರು ಕಾರು ಕಲಿಸುವಾಗ ಒಬ್ಬ ಪಾದ್ರಿ ಕಾರನ್ನೇ ಕೆರೆಗೆ ಇಳಿಸಿದ ಕಥೆ ಹೇಳಿದರು. ನಕ್ಕು ನಕ್ಕು ಸಾಕಾಯಿತು. ಕೆಫೆಯವರು ತಿರುಗಿ ನೋಡಿದರು. ನೋಡಲಿ.

ಫೆಬ್ರವರಿ 16, ಭಾನುವಾರ

ಕ್ಷೌರ ಮಾಡಿಕೊಳ್ಳುತ್ತಿದ್ದಾಗ ತಟ್ಟನೆ ಹೊಳೆಯಿತು. ಗಲ್ಲ ಕೊಯ್ದುಕೊಂಡೆ.

ತಬಿತಾ ಉಪ್ಪು ಮರೆತಿರಲಿಲ್ಲ. ಎಂದೂ ಹಾಕುತ್ತಿರಲಿಲ್ಲ. ಮಗಳಿಗೆ ಕಲಿಸಿದ್ದು, ಮಗಳು ಅವಳ ಮಗಳಿಗೆ ಕಲಿಸಿದ್ದು ಅದೇ. ಆ ಬೆಳಿಗ್ಗೆ ತಬಿತಾ ಸ್ನೆಲ್ ಅವರ ಕೈ ಎಲ್ಲ ದಿನದಂತೆಯೇ ಇತ್ತು, ನಡುಗಿದ್ದು ನನ್ನ ತಲೆಯೊಳಗೆ. ಏಮಸ್ ಗೊಣಗಿದ್ದೂ ದಿನದ ಗೊಣಗಾಟವೇ. ಹಾಗಾದರೆ ಅವನು ಎಳೆದುಕೊಂಡ ಉಪ್ಪಿನ ಬಟ್ಟಲಿನಲ್ಲಿ ಏನಿತ್ತು? ಪಾಷಾಣವೂ ಬಿಳಿ ಪುಡಿಯೇ. ಊಟದ ಕೋಣೆಯಲ್ಲೇ ಇರುತ್ತಿದ್ದ ಆ ಬಟ್ಟಲನ್ನು ಯಾರೂ ಪರೀಕ್ಷಿಸಲಿಲ್ಲ. ಊಟದ ಕೋಣೆಗೆ ಹೋಗಿಬರುತ್ತಿದ್ದ ಯಾರು ಬೇಕಾದರೂ ಅದನ್ನು ಮುಟ್ಟಬಹುದಿತ್ತು. ಆ ಕೋಣೆಗೆ ಕಾಲಿಡದಿದ್ದವರು ಇಡೀ ಮನೆಯಲ್ಲಿ ಒಬ್ಬರೇ, ಅಡುಗೆಯವರು.

ಡೋರೀನ್ ಪ್ಲಾಸ್ಟರ್ ಅಂಟಿಸುತ್ತ, "ಕೊಲೆಗಾರನ ಹಾಗೆ ಕಾಣ್ತೀಯ" ಎಂದಳು. ನನಗೆ ನಗು ಬರಲಿಲ್ಲ.

ಫೆಬ್ರವರಿ 27, ಗುರುವಾರ

ಹತ್ತು ದಿನದಿಂದ ಊಟ ರುಚಿಸುತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಫಲಕ ನನ್ನದು. ಸಂಘದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನನ್ನ ಕಡೆ ಇದ್ದಾರೆ, ನಾರ್ಮನ್ ಕೂಡ ಲೆಕ್ಕ ಹಾಕಿ ಮುಖ ಗಂಟಿಕ್ಕಿಕೊಂಡಿದ್ದಾನೆ. ಬಾಯಿ ಬಿಟ್ಟರೆ ಮೂವತ್ತು ವರ್ಷ ನೀರಿನಲ್ಲಿ ಹೋಮ. ಮದುವೆ ಆಗಲಿಲ್ಲ, ಮಕ್ಕಳಿಲ್ಲ, ನಾನು ಬಿಟ್ಟುಹೋಗುವುದು ಇದೊಂದೇ ಅಂದುಕೊಂಡಿದ್ದೆ. ಅದು ನನಗೆ ಬೇಕಿತ್ತು. ಬಹಳ ಬೇಕಿತ್ತು.

ಆದರೆ ಗ್ವೆಂಡಾ ಪ್ರತಿ ದಿನ ಆ ಚೌಕದಲ್ಲಿ ಓಡಾಡಬೇಕು. ಅವರ ರಕ್ತದವರ ಹೆಸರು, ಕೊಲೆಗಾತಿ ಎಂದು, ಕಂಚಿನಲ್ಲಿ. ಅದೂ ಸುಳ್ಳು.

ಡೋರೀನ್‌ಗೆ ಎಲ್ಲ ಹೇಳಿದೆ. ಹೊಲಿಗೆ ಕೆಳಗಿಟ್ಟಳು.

"ಇದನ್ನ ಆಯಮ್ಮಂಗೆ ಮೊದಲು ಹೇಳು, ಲೆನ್. ಎಲ್ಲರ ಮುಂದೆ ಹೇಳಬೇಡ."

"ಉಡುಗೊರೆಯನ್ನ ಯಾರಾದರೂ ಕೇಳಿ ಕೊಡ್ತಾರಾ?"

"ಅಳತೆ ಕೇಳಿ ಕೊಡ್ತಾರೆ ಕಣೋ. ನೀನು ನಂಗೆ ಕೊಟ್ಟ ಚಪ್ಪಲಿ ಇನ್ನೂ ಡಬ್ಬಿಯಲ್ಲೇ ಇದೆ."

ಹೆಂಗಸರ ಮನಸ್ಸು ಡೋರೀನ್‌ಗೆ ಏನು ಗೊತ್ತು.

ಮಾರ್ಚ್ 14, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೂ ಮನಸ್ಸು ಬಿಡುತ್ತಿಲ್ಲ.

ಹೊಸ ಟೈ ಕಟ್ಟಿ ಹೋಗಿದ್ದೆ. ಎದ್ದು ನಿಂತು ಉಪ್ಪಿನ ವಿಷಯ ಬಿಡಿಸಿ ಹೇಳಿದೆ. ಜೀವನದಲ್ಲಿ ಇಷ್ಟು ಚೆನ್ನಾಗಿ ನಾನು ಮಾತಾಡಿದ್ದಿಲ್ಲ. "ತಬಿತಾ ಸ್ನೆಲ್ ಅವರು ನಿರಪರಾಧಿ. ಮೂವತ್ತು ವರ್ಷ ನಾನು ಹೇಳಿದ್ದು ತಪ್ಪು" ಎಂದು ಮುಗಿಸಿದೆ. ನಾನು ಗ್ವೆಂಡಾ ಕಡೆ ತಿರುಗಿದೆ. ಕಣ್ಣಲ್ಲಿ ನೀರು ಬಂದಿರುತ್ತದೆ ಅಂದುಕೊಂಡಿದ್ದೆ.

ಬಂದಿತ್ತು. ಆದರೆ ಆ ತರಹದ್ದಲ್ಲ.

"ನಿಮ್ಮನ್ನ ಯಾರು ಕೇಳಿದ್ರು?" ಎಂದರು, ಮೆಲ್ಲಗೆ. ಕೆಂಪು ಕೋಟು ತೆಗೆದುಕೊಂಡು ಹೋಗಿಬಿಟ್ಟರು. ಒಂದು ತೋಳು ಹಾಕಿಕೊಳ್ಳುವುದಕ್ಕೂ ನಿಲ್ಲಲಿಲ್ಲ.

ನಾರ್ಮನ್ ಬೆನ್ನು ತಟ್ಟಿ, "ಎಡ್ವಿನ್ ದಿನಾ ಆ ಉಪ್ಪಿನ ಬಟ್ಟಲ ಪಕ್ಕದಲ್ಲೇ ಕೂರ್ತಿದ್ದ. ಉಪಕಾರ ಆಯ್ತು ಲೆನ್ನು" ಎಂದ. ಮತ ಎಣಿಸಿದರು. ಅಡುಗೆಯವರಿಗೆ ಯಾರೂ ಹಾಕಲಿಲ್ಲ, ಎಡ್ವಿನ್‌ಗೂ ಸಾಲಲಿಲ್ಲ. ಕೊಂದವರು ಗೊತ್ತಿಲ್ಲ ಎಂದೇ ಮ್ಯೂಸಿಯಂಗೆ ತಿಳಿಸುವುದೆಂದು ಆಯಿತು. ಆಗಲಿ. ಆ ಹೊತ್ತಿಗೆ ನನಗೆ ಫಲಕದ ಚಿಂತೆ ಇರಲಿಲ್ಲ.

ಮಾರ್ಚ್ 15, ಶನಿವಾರ

ಫೋನ್ ಎತ್ತುತ್ತಿಲ್ಲ.

ಡೋರೀನ್ ಕೇಳದೆಯೇ ಟೀ ತಂದಿಟ್ಟಳು. ಅವಳಿಂದ ಅಂಥ ಉಪಚಾರ ನನಗೆ ಅಭ್ಯಾಸವಿಲ್ಲ.

ಮಾರ್ಚ್ 19, ಬುಧವಾರ

ಮನೆಗೇ ಹೋದೆ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದರು. ನೆನಪಿದ್ದಂತೆ ಬರೆಯುತ್ತೇನೆ.

"ನಮ್ಮಪ್ಪ ಕುಡೀತಿದ್ದ. ಹೊಡೀತಿದ್ದ. ನಂಗೆ ಒಂಬತ್ತು ವರ್ಷ ಇದ್ದಾಗ ಒಂದಿನ ಅಮ್ಮ ನಮ್ಮನ್ನ ಎಬ್ಬಿಸಿ, ಕೋಟು ಹಾಕಿಸಿ, ಬಾಗಿಲ ಹತ್ತಿರ ಹೋದಳು. ಕೈ ಕಾಲು ಹೆಂಗೆ ನಡುಗ್ತಿತ್ತು ಅಂದ್ರೆ, ಚಿಲಕ ಹಿಡಿಯೋಕಾಗಲಿಲ್ಲ ಅವಳಿಗೆ. ಆಗ ಏನಂದಳು ಗೊತ್ತಾ? 'ನಾವು ತಬಿತಾ ವಂಶದೋರು, ಗ್ವೆನ್. ಯಾವನಿಗೂ ಹೆದರಲ್ಲ.' ಅಂದು ಹೊರಟಳು. ಅವಳ ಅಮ್ಮನೂ ಹಾಗೇ ಹೇಳ್ತಿದ್ದಳಂತೆ. ನಮ್ಮ ವಂಶದಲ್ಲಿ ಎಲ್ಲರೂ ಪಾತ್ರೆ ತೊಳೆದೋರು, ಮೀನು ಕೊಯ್ದೋರು. ಒಬ್ಬಳೇ ಒಬ್ಬಳು, ಕೈ ಮಾಡಿದವನಿಗೆ ತಿರುಗಿಸಿ ಕೊಟ್ಟಿದ್ದು. ನಾನು ಈ ಊರಿಗೆ ಬಂದಿದ್ದೇ ಅವಳ ಹೆಸರು ಗೋಡೆ ಮೇಲೆ ನೋಡೋಕೆ. ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ. ಈಗ ಅವಳು ಯಾರು? ಗಂಜಿ ಬೇಯಿಸಿದೋಳು. ಅಷ್ಟೇ."

ನಾನು, ನಿಮಗೆ ನೋವಾಗುತ್ತದೆಂದು ಅಂದುಕೊಂಡಿದ್ದೆ ಎಂದೆ.

"ನೀವು ಅಂದುಕೊಂಡಿರಿ. ಕೇಳಲಿಲ್ಲ."

ಉಪ್ಪಿನ ವಿಷಯ ಸುಳ್ಳೇ ಎಂದು ಕೇಳಿದೆ. "ಸುಳ್ಳಲ್ಲ. ಅದೇ ಬೇಜಾರು" ಎಂದು ಬಾಗಿಲು ಹಾಕಿಕೊಂಡರು.

ದಾರಿಯುದ್ದಕ್ಕೂ ಅದೇ ಮಾತು. ಈಗ ಅವಳು ಯಾರು? ಬಿಡುಗಡೆಯಾದ ಮರುದಿನ ಆಕೆ ಎಲ್ಲಿಗೆ ಹೋದರು, ಏನು ತಿಂದರು, ಒಂದೂ ಗೊತ್ತಿಲ್ಲ. ನನಗಷ್ಟೇ ಅಲ್ಲ, ಸಂಘದಲ್ಲಿ ಯಾರಿಗೂ. ನಮ್ಮೆಲ್ಲರ ಪಾಲಿಗೆ ತೀರ್ಪು ಬಂದ ದಿನ ಕಥೆ ಮುಗಿಯಿತು. ಅಲ್ಲಿಂದಾಚೆ ಒಂದು ದಿನದ ಪೇಪರನ್ನೂ ನಾವು ತಿರುಗಿಸಿ ನೋಡಿದವರಲ್ಲ. ಸಂಶೋಧಕರಂತೆ.

ಮಾರ್ಚ್ 22, ಶನಿವಾರ

ಎರಡು ದಿನ ಲೈಬ್ರರಿಯಲ್ಲಿ ಕೂತೆ. ಡೋರೀನ್ ಬ್ರೆಡ್ಡು ಕಟ್ಟಿಕೊಟ್ಟಳು, ಕೊಂಕು ಮಾತಿಲ್ಲದೆ. ಸಿಕ್ಕಿತು. ಅಡಗಿಯೇನೂ ಇರಲಿಲ್ಲ, ಹಳೆಯ ಊರ ಪೇಪರಿನಲ್ಲಿ ತೀರ್ಪಿನ ಮುಂದಿನ ತಿಂಗಳಲ್ಲೇ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ನೇರ ಗ್ವೆಂಡಾ ಮನೆಗೆ ಹೋದೆ. ಬಾಗಿಲು ತೆಗೆದರು. ಮಾತಾಡುವ ಮುಂಚೆ, "ನಿಮ್ಮನ್ನ ಒಂದು ಮಾತು ಕೇಳಬೇಕು. ತಬಿತಾ ಅವರ ಬಗ್ಗೆ ಇನ್ನೊಂದು ವಿಷಯ ಗೊತ್ತಾಗಿದೆ. ಹೇಳಲೋ ಬೇಡವೋ?" ಎಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಾರು ಕಲಿಯುವವನು ಮೊದಲ ಸಲ ಹೇಳಿಸಿಕೊಳ್ಳದೆ ಕಾರಿನ ಕನ್ನಡಿ ನೋಡಿದಾಗ ಹಾಗೆ ನೋಡುತ್ತಿದ್ದರೇನೋ.

"ಒಳಗೆ ಬನ್ನಿ" ಎಂದರು.

ಅಡುಗೆಮನೆಯಲ್ಲಿ ಕೂತು ಹೇಳಿದೆ. ಕೋರ್ಟು ತಬಿತಾ ಅವರನ್ನು ಬಿಟ್ಟರೂ ಊರಿನವರು ಬಿಟ್ಟಿರಲಿಲ್ಲ. ಯಾರೂ ಕೆಲಸ ಕೊಡಲಿಲ್ಲ. ಬೇರೆ ಊರಿಗೆ ಹೋಗಿ ಬೇರೆ ಹೆಸರಿಟ್ಟುಕೊಂಡು ಬದುಕಬಹುದಿತ್ತು. ಆಕೆ ಹೋಗಲಿಲ್ಲ. ಸಂತೆಯ ಚೌಕದಲ್ಲೇ, ಡೌತ್‌ವೇಟ್ ಮನೆಗೆ ಕಾಣುವಂತೆ, ಒಂದು ಊಟದ ಅಂಗಡಿ ತೆರೆದರು. ಬಾಗಿಲ ಮೇಲೆ ಪೂರ್ತಿ ಹೆಸರು, ತಬಿತಾ ಸ್ನೆಲ್. ಮೊದಲ ದಿನ ಎದುರು ರಸ್ತೆಯಲ್ಲಿ ಜನ ಜಾತ್ರೆಯಂತೆ ನಿಂತು ನೋಡಿದರು, ಒಬ್ಬರೂ ಒಳಗೆ ಹೋಗಲಿಲ್ಲ ಎಂದು ಪೇಪರಿನವನು ಗೇಲಿ ಮಾಡಿ ಬರೆದಿದ್ದಾನೆ. ಆಕೆ ಕಿಟಕಿಯ ಹತ್ತಿರ ಟೇಬಲ್ಲು ಎಳೆದುಕೊಂಡು, ಎಲ್ಲರಿಗೂ ಕಾಣುವಂತೆ ಕೂತು, ತಾವು ಮಾಡಿದ್ದನ್ನು ತಾವೇ ಬಡಿಸಿಕೊಂಡು ತಿಂದರು. ಮಾರನೆಯ ದಿನವೂ. ಅದರ ಮಾರನೆಯ ದಿನವೂ.

ಗ್ವೆಂಡಾ ಕೈಯನ್ನು ಟೇಬಲ್ ಮೇಲೆ ಅಂಗಾತ ಇಟ್ಟುಕೊಂಡು ಕೇಳುತ್ತಿದ್ದರು.

"ಆಮೇಲೆ? ಯಾರೂ ಬರಲೇ ಇಲ್ವಾ?"

"ಯಾವಾಗ ಬಂದರೋ ಪೇಪರಿನವನು ಬರೆದಿಲ್ಲ. ಆದರೆ ಕೆಲವು ವರ್ಷ ಆದಮೇಲೆ ಒಂದು ಜಾಹೀರಾತಿದೆ. ಜಾಗ ಸಾಲುತ್ತಿಲ್ಲ, ಪಕ್ಕದ ಕೋಣೆಯನ್ನೂ ತೆಗೆದುಕೊಂಡಿದ್ದೇವೆ ಅಂತ."

"ಅಂದ್ರೆ ಬಂದ್ರು."

"ಬಂದರು."

"ಬೈದ ಬಾಯಲ್ಲೇ ತಿಂದರು."

"ತಿಂದರು."

ಗ್ವೆಂಡಾ ಎದ್ದು ಕಿಟಕಿ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ, ನಾನು ಕೇಳಲಿಲ್ಲ, ಅಂದುಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಪಾಷಾಣ ಹಾಕೋದು ಸುಲಭ, ಬಿಡಿ. ನನ್ನ ಕೈಲೂ ಆಗುತ್ತೆ. ಆ ಕಿಟಕಿಯಲ್ಲಿ ಕೂತು ತಿನ್ನೋಕೆ ನನ್ನ ಕೈಲಾಗ್ತಿರಲಿಲ್ಲ" ಎಂದರು. ಆಮೇಲೆ, "ಅಮ್ಮಂಗೆ ಇದು ಗೊತ್ತಿರಬೇಕಿತ್ತು" ಎಂದರು.

ಒಲೆ ಹಚ್ಚಿದರು. ಮೊಟ್ಟೆ ಒಡೆದು ಹಾಕಿ, ಬ್ರೆಡ್ಡು ಕರಿದು, ನನ್ನ ಮುಂದೆ ತಟ್ಟೆ ಇಟ್ಟರು.

"ಸ್ನೆಲ್ ವಂಶದ ಕೈ. ಭಯ ಇದ್ರೆ ಈಗಲೇ ಹೇಳಿ, ಲೆನ್."

ಬ್ರೆಡ್ಡು ಒಂದು ಕಡೆ ಸೀದಿತ್ತು. ತಟ್ಟೆ ಒರೆಸಿದಂತೆ ತಿಂದೆ. ಇನ್ನೆರಡು ಹಾಕಿಸಿಕೊಂಡೆ.

ಮೇ 10, ಶನಿವಾರ

ಫಲಕ ಹಾಕಿದರು. ಏಮಸ್‌ಗೆ ಎರಡು ಸಾಲು, ಕೊಂದವರು ಗೊತ್ತಿಲ್ಲ ಎಂದು. ಉಳಿದದ್ದೆಲ್ಲ, ಗ್ವೆಂಡಾ ಒಪ್ಪಿದ ಮೇಲೆ ನಾನು ಬರೆದು ಕಳಿಸಿದ್ದ, ಎದುರಿಗಿದ್ದ ತಬಿತಾ ಸ್ನೆಲ್ ಅವರ ಊಟದ ಅಂಗಡಿಯ ವಿಷಯ. ಕಿಟಕಿಯ ಟೇಬಲ್ಲನ್ನೂ ಬಿಟ್ಟಿಲ್ಲ. ಜಾಗ ಸಾಲಲಿಲ್ಲವೆಂದು ಸಂಶೋಧಕನ ಹೆಸರು ಕೈಬಿಟ್ಟಿದ್ದಾರೆ. ಮ್ಯೂಸಿಯಂನವರು ಕ್ಷಮೆ ಕೇಳಿದರು, ಯಾವುದಕ್ಕೆಂದು ನೆನಪಾಗಲು ನನಗೆ ಒಂದು ಕ್ಷಣ ಬೇಕಾಯಿತು.

ಡೋರೀನ್ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಗ್ವೆಂಡಾ ಕೊಡಿಸಿದ್ದಂತೆ. ಇವರಿಬ್ಬರೂ ಯಾವಾಗ ಪೇಟೆಗೆ ಹೋದರೋ, ನನಗೆ ಯಾರೂ ಹೇಳುವುದಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ನಿಂತು ಓದಿ, "ಹಾಗಾದ್ರೆ ಅವನನ್ನ ಕೊಂದಿದ್ಯಾರು?" ಎಂದು ನಮ್ಮನ್ನು ಕೇಳಿದರು. ನಾರ್ಮನ್ ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಎಡ್ವಿನ್ ಹುಟ್ಟಿದ್ದರಿಂದ ಶುರು ಮಾಡಿದ. ಹುಟ್ಟಿದ ವರ್ಷವನ್ನೇ ತಪ್ಪು ಹೇಳಿದ. ತಿದ್ದಬೇಕಿತ್ತು. ಆದರೆ ಗ್ವೆಂಡಾ ಕಾರು ತಂದು ನಿಲ್ಲಿಸಿದ್ದರು, ಸಮುದ್ರದ ಕಡೆ ಊಟಕ್ಕೆ ಹೋಗುವುದಿತ್ತು, ಹೊರಟೆವು.